ಸ್ಟೆಪ್ನಿ ಮತ್ತು ಪಂಕ್ಚರ್ ಅಂಗಡಿ

ಹೆದ್ದಾರಿಯಲ್ಲಿ ಕಾರಿನ ಟೈರು ಕುಸಿದಾಗ ನಮ್ಮ ಡ್ರೈವರುಗಳ ಬಾಯಲ್ಲಿ ಮೊದಲು ಬರುವ ಶಬ್ದ ‘ಸ್ಟೆಪ್ನಿ’. ಇದನ್ನು ನಾವು ಇಂಗ್ಲಿಷ್ ಶಬ್ದವೆಂದೇ ತಿಳಿದಿದ್ದೇವೆ. ಆದರೆ ಇಂದಿನ ಇಂಗ್ಲೆಂಡಿನಲ್ಲಿ ಈ ಶಬ್ದ ಹೇಳಿದರೆ ಹೆಚ್ಚಿನವರಿಗೆ ಅರ್ಥವಾಗಲಿಕ್ಕಿಲ್ಲ. ಅದು ವೇಲ್ಸ್ ನಾಡಿನ ಲನೆಲ್ಲಿ ಎಂಬ ಪಟ್ಟಣದ ಒಂದು ಬೀದಿಯ ಹೆಸರು.

ಮೊದಲ ಕಾಲದ ಕಾರುಗಳಲ್ಲಿ ಹೆಚ್ಚುವರಿ ಚಕ್ರ ಇರುತ್ತಿರಲಿಲ್ಲ. ಚಕ್ರವನ್ನು ಸುಲಭವಾಗಿ ಬಿಚ್ಚಲೂ ಬರುತ್ತಿರಲಿಲ್ಲ. ಪಂಕ್ಚರ್ ಆಯಿತೆಂದರೆ ಮಳೆ-ಕೆಸರೆನ್ನದೆ ದಾರಿಯಲ್ಲೇ ಕೂತು, ಕಬ್ಬಿಣದ ಸಲಾಕೆಗಳಿಂದ ಟೈರು ಎಬ್ಬಿಸಿ, ಟ್ಯೂಬು ಹೊರಗೆಳೆದು, ತೇಪೆ ಹಾಕಿ, ಕೈಪಂಪಿನಿಂದ ಗಾಳಿ ತುಂಬಬೇಕಿತ್ತು. ಲನೆಲ್ಲಿಯ ಸ್ಟೆಪ್ನಿ ಬೀದಿಯಲ್ಲಿ ಕಬ್ಬಿಣದ ಸಾಮಾನಿನ ವ್ಯಾಪಾರ ಮಾಡುತ್ತಿದ್ದ ಡೇವಿಸ್ ಸೋದರರು 1904ರಲ್ಲಿ ಇದಕ್ಕೊಂದು ಉಪಾಯ ಹುಡುಕಿದರು. ಅರೆಕಾಲುಗಳಿಲ್ಲದ ಒಂದು ಲೋಹದ ಬಳೆ, ಅದರ ಮೇಲೆ ಗಾಳಿ ತುಂಬಿದ ಟೈರು. ಕುಸಿದ ಚಕ್ರದ ಮಗ್ಗುಲಿಗೆ ಇದನ್ನು ಬಿಗಿದು ಊರು ಸೇರಬಹುದಿತ್ತು. ಮುಂದೆ ಬಿಚ್ಚಿ ಜೋಡಿಸಬಲ್ಲ ಚಕ್ರಗಳು ಬಂದವು. ಡೇವಿಸರ ಸಲಕರಣೆ ಮೂಲೆ ಸೇರಿತು, ಹೆಸರು ಮಾತ್ರ ಭಾರತದಲ್ಲಿ ಉಳಿಯಿತು. ದೂರದ ಬ್ರೆಜಿಲಿನಲ್ಲೂ ಜನ ಅದನ್ನು ‘ಎಸ್ಟೆಪೆ’ ಎನ್ನುತ್ತಾರೆ.

ಗಾಳಿ ತುಂಬಿದ ಟೈರಿನ ಕತೆ ಇನ್ನೂ ಹಿಂದಿನದು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಜನ ಅದನ್ನು ಮರೆತುಬಿಟ್ಟರು. ಬೆಲ್‌ಫಾಸ್ಟಿನ ಪಶುವೈದ್ಯ ಡನ್ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಹಿಡಿದು 1888ರಲ್ಲಿ ಪೇಟೆಂಟ್ ಮಾಡಿಸಿದ. ಥಾಮ್ಸನ್ ಮೊದಲಿಗನೆಂದು ಗೊತ್ತಾದಾಗ ಆ ಪೇಟೆಂಟ್ ರದ್ದಾಯಿತು. ಆದರೆ ಹೆಸರು ಮಾಡಿದವನು ಡನ್ಲಪ್ಪನೇ.

ಗಾಳಿ ಬಂದ ಮೇಲೆ ಪಂಕ್ಚರೂ ಬಂತು. 1889ರಲ್ಲಿ ಫ್ರಾನ್ಸಿನ ಕ್ಲೆರ್ಮೋಂ-ಫೆರಾಂ ಊರಿನ ಮಿಷೆಲಿನ್ ಸೋದರರ ಕಾರ್ಖಾನೆಗೆ ಒಬ್ಬ ಸೈಕಲ್ ಸವಾರ ಕುಸಿದ ಟೈರಿನೊಂದಿಗೆ ಬಂದ. ಟೈರನ್ನು ಚಕ್ರಕ್ಕೆ ಅಂಟಿನಿಂದ ಕೂರಿಸಲಾಗಿತ್ತು. ಸರಿಮಾಡಲು ಮೂರು ತಾಸು, ಅಂಟು ಒಣಗಲು ಒಂದು ರಾತ್ರಿ. ಇಷ್ಟಾದರೂ ಮರುದಿನ ಅದು ನಿಲ್ಲಲಿಲ್ಲ. 1891ರಲ್ಲಿ ಅವರು ಬಿಚ್ಚಿ ಹಾಕಬಲ್ಲ ಟೈರು ತಯಾರಿಸಿದ್ದು ಈ ಪಾಡು ಕಂಡೇ.

ಆ ಮೂರು ತಾಸು ಮತ್ತು ಒಂದು ರಾತ್ರಿಯ ಕೆಲಸವನ್ನು ನಮ್ಮ ರಸ್ತೆಬದಿಯ ಹುಡುಗ ಇಂದು ಅರ್ಧ ತಾಸಿನಲ್ಲಿ ಮುಗಿಸುತ್ತಾನೆ. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಏಳುವ ಜಾಗ ಗುರುತಿಸುತ್ತಾನೆ. ಅಲ್ಲಿ ಉಜ್ಜಿ, ಸಲ್ಯೂಷನ್ ಹಚ್ಚಿ, ಪ್ಯಾಚ್ ಒತ್ತುತ್ತಾನೆ. ದೊಡ್ಡ ತೂತಾದರೆ ಕಾಯಿಸಿ ಬೆಸೆಯುವ ‘ವಲ್ಕನೈಜಿಂಗ್’. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಗಟ್ಟಿಯಾಗುತ್ತದೆಂದು 1839ರಲ್ಲಿ ಕಂಡುಕೊಂಡವನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ಆತ ತೀರಿಕೊಂಡದ್ದು ಸಾಲದ ಹೊರೆಯಲ್ಲಿ, 1860ರಲ್ಲಿ. ಅವನ ಆ ರಸಾಯನವಿದ್ಯೆ ಪುಸ್ತಕವಿಲ್ಲದೆ ಉಸ್ತಾದನಿಂದ ಶಾಗಿರ್ದನಿಗೆ ನಮ್ಮ ಬೀದಿಗಳಲ್ಲಿ ಹರಿದುಬಂದಿದೆ.

ಇಂಥ ಕೆಲಸ ನಮ್ಮಲ್ಲಿ ಬೈಗುಳವಾಗಿದೆ. ‘ಪಂಕ್ಚರ್ ಹಾಕುವವರು’ ಎಂಬುದು ಮುಸ್ಲಿಮರನ್ನು ಹಂಗಿಸುವ ಮಾತು. ಪೌರತ್ವ ಕಾಯ್ದೆಯ ಪರವಾಗಿ 2019ರ ಡಿಸೆಂಬರಿನಲ್ಲಿ ಬೆಂಗಳೂರಿನ ಟೌನ್‌ಹಾಲ್ ಬಳಿ ನಡೆದ ಸಭೆಯಲ್ಲಿ ಸಂಸದರೊಬ್ಬರು, ವಿರೋಧಿಸುವವರೆಲ್ಲ ಅಕ್ಷರವಿಲ್ಲದ ಪಂಕ್ಚರ್ ಅಂಗಡಿಯವರು ಎಂಬರ್ಥದಲ್ಲಿ ಮಾತಾಡಿದರು. ಆ ಸಭೆಗೆ ಬಂದ ವಾಹನಗಳೂ ಗಾಳಿಯ ಮೇಲೆಯೇ ಬಂದಿದ್ದವು! ಕಡಿಮೆ ಬಂಡವಾಳದಲ್ಲಿ ಸ್ವಂತ ದುಡಿಮೆಗೆ ಇಳಿಯಬಹುದೆಂದು ಬಡವರು ಈ ಕಸುಬು ಹಿಡಿದರು. ಹಿಡಿದವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಮೂರು ತೂತಿರುವ ಟ್ಯೂಬಿನಲ್ಲಿ ನಾಲ್ಕನೆಯದು ಎಲ್ಲಿ ಬರಲಿದೆ ಎಂದು ಬೆರಳಿನಿಂದಲೇ ಹೇಳಬಲ್ಲವನನ್ನು ಅನಕ್ಷರಸ್ಥ ಎನ್ನುವುದು ನನಗಂತೂ ಒಪ್ಪಿಗೆಯಿಲ್ಲ.

ಈಗ ಟ್ಯೂಬೇ ಮಾಯವಾಗುತ್ತಿದೆ. 2020ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮ ತಿದ್ದಿತು. ಅದರಂತೆ ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಕಿಟ್ಟಿನ ದ್ರಾವಣ ಮೊಳೆ ಚುಚ್ಚಿದ ಸಣ್ಣ ತೂತನ್ನು ಮುಚ್ಚೀತು. ಟೈರಿನ ಪಕ್ಕೆಯೇ ಸೀಳಿದರೆ ಅದರಿಂದ ಪ್ರಯೋಜನವಿಲ್ಲ. ಆಗ ಕಾರಿನವರು ರಸ್ತೆಬದಿಯ ಕಂಬಕ್ಕೆ ತೂಗುಹಾಕಿದ ಹಳೆಯ ಟೈರು ಎಲ್ಲಿದೆಯೆಂದು ಹುಡುಕುತ್ತಾರೆ. ಅದರ ಕೆಳಗೆ ಕೂತವನು ಒಳಗೊಂದು ಟ್ಯೂಬು ತುರುಕಿಯೋ, ಹಳೆಯ ಟೈರೊಂದನ್ನು ಹೊಂದಿಸಿಯೋ ಅವರನ್ನು ಊರು ಮುಟ್ಟಿಸುತ್ತಾನೆ.