ಹಳೇ ಬೋಲ್ಟು, ಹೊಸಾ ಪವರ್: ಕನೆಕ್ಟಿಂಗ್ ರಾಡಿನ ಕತಿ

ನಾನು ಬಗದಲ್‌ನೋನು, ಓದಿದ್ದು ಬಿ.ಕಾಂ. ಇಂವಾ ಇಂಜಿನ್ ಬಗ್ಗೆ ಏನ್ ಹೇಳ್ತಾನ ಅನ್ನಬ್ಯಾಡ್ರಿ, ಪೆಟ್ಟು ತಿಂದು ಕಲಿತದ್ದು.

ನಮ್ಮ ದೊಡ್ಡಪ್ಪನ ಮಗ ಹಳೇ ಮಾರುತಿ ಎಸ್ಟೀಮ್‌ಗೆ ಪವರ್ ಏರಿಸಿದ. ಕ್ಯಾಮ್, ಕಾರ್ಬ್ಯುರೇಟರ್, ಎಕ್ಸಾಸ್ಟ್ ಎಲ್ಲಾ ಹೊಸವು. ರಾಡ್ ಹಳೇವು, ಅವುಗಳ ಬೋಲ್ಟೂ ಬಿಚ್ಚಿ ಮತ್ತೆ ಹಾಕಿದವೇ. ಹುಮನಾಬಾದ್ ರಸ್ತೆಯಲ್ಲಿ ಒಂದು ಬೋಲ್ಟ್ ಹೋಯ್ತು. ರಾಡ್ ಬ್ಲಾಕ್ ಒಡೆದು ಹೊರಗೆ ಬಂತು. ಖರ್ಚಿನ ಲೆಕ್ಕ ಬರೆದಿಟ್ಟೋನು ನಾನೇ. ಎಲ್ಲಾ ಗುಜರಿಗೆ.

ಈ ರಾಡು ಬಹಳ ಹಳೇ ವಸ್ತು. ಇಂದಿನ ಟರ್ಕಿಯ ಹಿಯರಾಪೊಲಿಸ್‌ನಲ್ಲಿ, 3ನೇ ಶತಮಾನದ ಕಲ್ಲಿನ ಕೆತ್ತನೆಯಲ್ಲಿ, ನೀರಿನ ಚಕ್ರದಿಂದ ಗರಗಸ ನಡೆಸೋ ರಾಡ್ ಕಾಣುತ್ತದೆ. 1206ರಲ್ಲಿ ಅಲ್-ಜಝರಿ ನೀರೆತ್ತುವ ಪಂಪಿನಲ್ಲಿ ಇದನ್ನೇ ಬಳಸಿದ. 18ನೇ ಶತಮಾನದ ಕೊನೆಗೆ ಚಕ್ರ ತಿರುಗಿಸೋ ಸ್ಟೀಮ್ ಇಂಜಿನ್ ಬಂತು. ಅವೆಲ್ಲ ನಿಧಾನವಾಗಿ ತಿರುಗುತ್ತಿದ್ದವು. ಎರಕದ ಕಬ್ಬಿಣವೂ ನಡೀತಿತ್ತು. ಪೆಟ್ರೋಲ್ ಇಂಜಿನ್ ಬಂದು ವೇಗ ಏರಿತು, ತೊಂದರೆ ಅಲ್ಲಿಂದ ಶುರು.

ಸ್ಫೋಟ ಪಿಸ್ಟನ್ನನ್ನು ಕೆಳಗೆ ತಳ್ಳೋದು ಎಲ್ಲರಿಗೂ ಗೊತ್ತು. ಆದರ ಎಕ್ಸಾಸ್ಟ್ ಸ್ಟ್ರೋಕಿನ ತುದಿಯಲ್ಲಿ ಪಿಸ್ಟನ್ ಮೇಲಕ್ಕೆ ಹಾರಿಹೋಗಲು ನೋಡುತ್ತದೆ, ರಾಡ್ ಅದನ್ನು ಹಿಡಿದೆಳೀಬೇಕು. ಆ ಸೆಳೆತ ಬೋಲ್ಟಿನ ಮೇಲೆ ಬೀಳುತ್ತದೆ. ಎಸ್ಟೀಮ್‌ನ ಸ್ಟ್ರೋಕ್ 75.5 ಮಿ.ಮೀ. ಪಿಸ್ಟನ್ನು, ಪಿನ್ನು ಸೇರಿ 400 ಗ್ರಾಂ ಅಂತ ಹಿಡೀರಿ: 6000 ಆರ್‌ಪಿಎಮ್‌ನಲ್ಲಿ ಸುಮಾರು 800 ಕಿಲೊ ತೂಕದ ಸೆಳೆತ, ಹೆಚ್ಚುಕಡಿಮೆ ಒಂದು ಸಣ್ಣ ಕಾರಿನ ತೂಕ! 8000ಕ್ಕೆ ಹೋದ್ರೆ 1,400 ಕಿಲೊ. ವೇಗ ಮೂರನೇ ಒಂದು ಭಾಗ ಹೆಚ್ಚು, ಸೆಳೆತ ಮುಕ್ಕಾಲು ಪಾಲು ಹೆಚ್ಚು.

ಬೀದರ್‌ನೋರಿಗೆ ಎರಕ ಹೊಸದಲ್ಲ. ಬಿದ್ರಿ ಹೂಜಿ ಸತು, ತಾಮ್ರದ ಎರಕ. ಅಂದಕ್ಕೆ ಅದು ಸಾಕು. ಇಲ್ಲಿ ಬಡಿದು ಮಾಡಿದ ಉಕ್ಕು ಬೇಕು. ಪೋರ್ಷೆ 928 ಕಾರು 1970ರ ದಶಕದಲ್ಲಿ ಲೋಹದ ಪುಡಿಯನ್ನು ಒತ್ತಿ ಬಡಿದ ರಾಡ್ ತಂದಿತು, 1990ರ ಹೋಂಡಾ ಎನ್‌ಎಸ್‌ಎಕ್ಸ್ ಟೈಟೇನಿಯಂ ರಾಡ್ ತಂದಿತು. ರಸ್ತೆ ಕಾರಿನ ಬಿಲ್ಡಿಗೆ ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಇರೋ 4340 ಉಕ್ಕಿನ ಫೋರ್ಜ್ಡ್ ರಾಡೇ ಸಾಮಾನ್ಯ ಆಯ್ಕೆ.

ಹಂಗಾದ್ರ ಆರಿಸೋದು ಹೆಂಗ? ಮೊದಲು ಕೇಳ್ರಿ, ಪವರ್ ಎಲ್ಲಿಂದ ಬರ್ತದ? ಟರ್ಬೋ ಆದ್ರೆ ಕಡಿಮೆ ವೇಗದಲ್ಲೇ ಒತ್ತಡ ಜಾಸ್ತಿ, ರಾಡ್ ಬಾಗುತ್ತದೆ. ಅದಕ್ಕೆ ನಡು ದಪ್ಪ ಇರಲಿ. ಆರ್‌ಪಿಎಮ್‌ನಿಂದ ಆದ್ರೆ ಹಗುರ ಪಿಸ್ಟನ್, ಒಳ್ಳೇ ಬೋಲ್ಟ್. ಬೋಲ್ಟ್ ಹೊಸದೇ ಹಾಕ್ರಿ, ಬಿಗಿ ಮಾಡುವಾಗ ಎಷ್ಟು ಉದ್ದ ಎಳೆದಿದೆ ಅಂತ ಅಳೀರಿ. ನಾಲ್ಕೂ ರಾಡ್ ಒಂದೇ ತೂಕ ಇರಲಿ. ಮತ್ತೊಂದು ಮಾತು: ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ, ಕೈ ಹಚ್ಚೋ ಮೊದಲು ಆರ್‌ಟಿಒದಲ್ಲಿ ಕೇಳ್ರಿ.

ಅಣ್ಣ ಮತ್ತೆ ಇಂಜಿನ್ ಇಳಿಸ್ಯಾನ. ಲೆಕ್ಕದ ಪುಸ್ತಕ ಈ ಸಲವೂ ನನ್ನ ಕೈಯಾಗೇ ಅದ. ಮೊದಲ ಸಾಲಿನಲ್ಲಿ ಬರೆದದ್ದು: ರಾಡ್ ಬೋಲ್ಟ್, ಎಂಟು.