ಬಯಸಿದ್ದು, ನಡೆದದ್ದು: ಫ್ರೆಂಚಿನ ಒಂದು ಕ್ರಿಯಾರೂಪದ ಕತೆ

1901ರ ಫೆಬ್ರುವರಿ 26ರಂದು ಫ್ರಾನ್ಸಿನ ಶಿಕ್ಷಣ ಸಚಿವ ಜಾರ್ಜ್ ಲೇಗ್ ಒಂದು ಆದೇಶ ಹೊರಡಿಸಿದ. ಪರೀಕ್ಷೆ ಬರೆಯುವ ಮಕ್ಕಳು ಕೆಲವು ವ್ಯಾಕರಣ ನಿಯಮಗಳನ್ನು ಮೀರಿದರೆ ಅದನ್ನು ತಪ್ಪೆಂದು ಎಣಿಸಬಾರದು ಎಂಬುದು ಅದರ ತಿರುಳು. ಆ ಪಟ್ಟಿಯಲ್ಲಿ ಒಂದು ಕ್ರಿಯಾರೂಪದ ಮಾತೂ ಇತ್ತು. 'ಅವನು ಬರಬೇಕಾದೀತು' ಎಂಬರ್ಥದ ಫ್ರೆಂಚ್ ವಾಕ್ಯದಲ್ಲಿ 'ಬರು' ಧಾತುವಿಗೆ 'ವ್ಯಾಂ' ಎಂಬ ಹಳೆಯ ರೂಪ ಹಾಕಿದರೂ ಸರಿ, 'ವಿಯೆನ್' ಎಂಬ ಸುಲಭ ರೂಪ ಹಾಕಿದರೂ ಸರಿ ಎಂದು ಸರ್ಕಾರವೇ ಒಪ್ಪಿಕೊಂಡಿತು. ಒಂದು ಕ್ರಿಯಾರೂಪಕ್ಕೆ ಸರ್ಕಾರಿ ಆದೇಶ ಬೇಕಾಯಿತು ಎಂದರೆ ಅದರ ಹಿಂದೆ ವ್ಯಾಕರಣವನ್ನು ಮೀರಿದ ಏನೋ ಇರಲೇಬೇಕು.

18ನೇ ಶತಮಾನದ ಮೈಸೂರಿಗೂ ಫ್ರೆಂಚರಿಗೂ ಇದ್ದ ಸಂಬಂಧ ನನ್ನ ಸಂಶೋಧನೆಯ ವಿಷಯ. ಹಾಗಾಗಿ ಫ್ರೆಂಚನ್ನು ನಾನು ಕಲಿತದ್ದು ಮಾತಾಡುವುದಕ್ಕಿಂತ ಹೆಚ್ಚಾಗಿ ಹಳೆಯ ಕಾಗದಗಳನ್ನು ಓದುವುದಕ್ಕೆ. ಇಂದಿನ ಪಠ್ಯಪುಸ್ತಕಗಳು ಒಂದು ಪುಟದಲ್ಲಿ ಮುಗಿಸುವ, ಕೆಲವೊಮ್ಮೆ ಬಿಟ್ಟೇಬಿಡುವ ಈ ರೂಪ ಆ ಕಾಗದಗಳಲ್ಲಿ ಸಾಲುಸಾಲಿಗೂ ಎದುರಾಗುತ್ತದೆ.

ಮೊದಲು ವಿಷಯ ಏನೆಂದು ನೋಡೋಣ. ನಡೆದದ್ದನ್ನು ನಡೆದಂತೆ ಹೇಳುವುದಕ್ಕೆ ಫ್ರೆಂಚಿನಲ್ಲಿ ಇಂಡಿಕೇಟಿವ್ ಎಂಬ ಬಗೆ ಇದೆ. ಬಯಕೆ, ಆಜ್ಞೆ, ಭಯ, ಅನುಮಾನ, ಸಂತೋಷ ಇವುಗಳ ನೆರಳಲ್ಲಿ ಬರುವ ಕ್ರಿಯೆಗೆ ಸಬ್‌ಜಂಕ್ಟಿವ್ ಎಂಬ ಬೇರೆ ಬಗೆ. 'ಅವನು ಬಂದ' ಎಂಬುದು ಮೊದಲನೆಯದು. 'ಅವನು ಬರಲಿ ಎಂದು ಬಯಸುತ್ತೇನೆ' ಎಂಬುದರಲ್ಲಿರುವ 'ಬರಲಿ' ಎರಡನೆಯದು. ಈ ಸಬ್‌ಜಂಕ್ಟಿವ್‌ಗೆ ನಾಲ್ಕು ಕಾಲಗಳಿವೆ. ಅವುಗಳಲ್ಲಿ ಭೂತಕಾಲಕ್ಕೆ ಸೇರಿದವು ಮೂರು.

ಇಂದು ಎಲ್ಲರೂ ಬಳಸುವುದು 'ಸಬ್‌ಜೊಂಕ್ತಿಫ್ ಪಾಸೆ'. ಇದನ್ನು ಕಟ್ಟುವುದು ಸುಲಭ. 'ಅವ್ವಾರ್' ಅಥವಾ 'ಎತ್ರ್' ಎಂಬ ಸಹಾಯಕ ಕ್ರಿಯಾಪದದ ಸಬ್‌ಜಂಕ್ಟಿವ್ ರೂಪ ತೆಗೆದುಕೊಂಡು, ಮುಖ್ಯ ಕ್ರಿಯೆಯ ಭೂತಕೃದಂತವನ್ನು ಅದರ ಮುಂದಿಟ್ಟರೆ ಆಯಿತು. 'ಅವನು ಮಾತಾಡಿರುವುದು' ಎಂಬುದಕ್ಕೆ 'ಕಿಲ್ ಏ ಪಾರ್ಲೆ', 'ಅವಳು ಬಂದಿರುವುದು' ಎಂಬುದಕ್ಕೆ 'ಕೆಲ್ ಸ್ವಾ ವೆನ್ಯು'. ಬರು, ಹೋಗು, ಹುಟ್ಟು, ಸಾಯು ಮೊದಲಾದ ಕೆಲವು ಧಾತುಗಳು ಎತ್ರ್ ಜೊತೆ ಹೋಗುತ್ತವೆ. ಆಗ ಕೃದಂತವು ಕರ್ತೃವಿನ ಲಿಂಗ ವಚನಗಳನ್ನು ಅನುಸರಿಸುತ್ತದೆ. ಮುಖ್ಯ ವಾಕ್ಯದ ಕ್ರಿಯೆಗಿಂತ ಮೊದಲೇ ಮುಗಿದುಹೋದ ಕ್ರಿಯೆಯನ್ನು ಹೇಳುವುದು ಇದರ ಕೆಲಸ. ಇಲ್ಲೊಂದು ಸೂಕ್ಷ್ಮವಿದೆ. 'ಅವಳು ಬಂದದ್ದು ನನಗೆ ಸಂತೋಷ' ಎನ್ನುವಾಗಲೂ ಫ್ರೆಂಚರು ಇದನ್ನೇ ಬಳಸುತ್ತಾರೆ. ಅವಳು ಬಂದದ್ದರಲ್ಲಿ ಅನುಮಾನವೇನೂ ಇಲ್ಲ. ಆದರೆ ವಾಕ್ಯದ ಭಾರ ಬಿದ್ದಿರುವುದು ನನ್ನ ಸಂತೋಷದ ಮೇಲೆ. ಸಬ್‌ಜಂಕ್ಟಿವ್ ಎಂದರೆ ಅನುಮಾನ ಎಂದಷ್ಟೇ ಕಲಿತವರು ಎಡವುವುದು ಇಲ್ಲೇ.

ಇನ್ನೊಂದು 'ಎಂಪಾರ್ಫೆ'. ಲೇಗ್‌ನ ಆದೇಶದಲ್ಲಿದ್ದದ್ದು ಇದೇ. ಇದರ ವಂಶ ಹಳೆಯದು. ಲ್ಯಾಟಿನ್ನಿನಲ್ಲಿ 'ಕಾಂತಾವಿಸ್ಸೆಂ' ಎಂದರೆ 'ಹಾಡಿದ್ದಿದ್ದರೆ' ಎಂಬಂಥ ಅರ್ಥ. ಜನರ ಬಾಯಲ್ಲಿ ಅದು 'ಕಾಂತಾಸ್ಸೆಂ' ಆಗಿ, ಫ್ರೆಂಚಿನಲ್ಲಿ 'ಶಾಂತಾಸ್' ಆಯಿತು. ಇದನ್ನು ಕಟ್ಟುವುದು 'ಪಾಸೆ ಸಾಂಪ್ಲ್' ಎಂಬ ಸರಳ ಭೂತಕಾಲದ ಅಂಗದ ಮೇಲೆ. ಪ್ರಥಮ ಪುರುಷ ಏಕವಚನದ ಕೊನೆಯಲ್ಲಿ ಒಂದು ಕಾಲಕ್ಕೆ 'ಸ್ತ್' ಎಂಬ ಎರಡು ಅಕ್ಷರ ಬರೆಯುತ್ತಿದ್ದರು. ಉಚ್ಚಾರದಲ್ಲಿ 'ಸ' ಬಿದ್ದುಹೋಯಿತು. ಬರಹದಲ್ಲಿ ಅದರ ಗುರುತಾಗಿ ಸ್ವರದ ಮೇಲೆ ಟೋಪಿಯಂಥ ಚಿಹ್ನೆ ಉಳಿಯಿತು. ಫ್ರೆಂಚ್ ಅಕಾಡೆಮಿಯ 1740ರ ನಿಘಂಟು ಇಂಥ ಟೋಪಿಗಳನ್ನು ದೊಡ್ಡ ಪ್ರಮಾಣದಲ್ಲಿ ಒಪ್ಪಿಕೊಂಡಿತು. 1990ರ ಕಾಗುಣಿತ ಸುಧಾರಣೆ ಇ ಮತ್ತು ಉ ಸ್ವರಗಳ ಮೇಲಿನ ಟೋಪಿಯನ್ನು ಎಷ್ಟೋ ಕಡೆ ಐಚ್ಛಿಕ ಮಾಡಿದರೂ ಈ ರೂಪದ ಮೇಲಿನದನ್ನು ಮುಟ್ಟಲಿಲ್ಲ. ಮೂರನೆಯದು 'ಪ್ಲುಸ್ ಕ ಪಾರ್ಫೆ'. ಎಂಪಾರ್ಫೆಯಲ್ಲಿರುವ ಸಹಾಯಕಕ್ಕೆ ಕೃದಂತ ಸೇರಿಸಿದರೆ ಅದು ಸಿದ್ಧ.

ಹಳೆಯ ನಿಯಮ ಕಟ್ಟುನಿಟ್ಟಾಗಿತ್ತು. 'ಬಯಸುತ್ತೇನೆ' ಎಂದರೆ ಮುಂದಿನ ಕ್ರಿಯೆ ವರ್ತಮಾನದ ಸಬ್‌ಜಂಕ್ಟಿವ್‌ನಲ್ಲಿ. 'ಬಯಸಿದೆ' ಎಂದರೆ ಎಂಪಾರ್ಫೆಯಲ್ಲಿ. ಈ ಹೊಂದಾಣಿಕೆ ತಪ್ಪಿದರೆ ಮಾತಾಡಿದವರ ಮನೆತನವೇ ಬಯಲಾಗುತ್ತಿತ್ತು. 1647ರಲ್ಲಿ ವೋಜ್ಲಾ ಬರೆದ ಭಾಷಾ ಟಿಪ್ಪಣಿಗಳ ಪುಸ್ತಕ, ರಾಜನ ಆಸ್ಥಾನದ ಉತ್ತಮರು ಆಡುವುದೇ ಒಳ್ಳೆಯ ಫ್ರೆಂಚ್ ಎಂದು ಸಾರಿತು. ಅದನ್ನು ಮೋಲಿಯೇರ್ 1672ರ ತನ್ನ 'ವಿದ್ವಾಂಸೆಯರು' ನಾಟಕದಲ್ಲಿ ಗೇಲಿ ಮಾಡಿದ. ಅದರಲ್ಲಿ ಮಾರ್ತೀನ್ ಎಂಬ ಅಡುಗೆಯವಳು ಕೆಲಸ ಕಳೆದುಕೊಳ್ಳುತ್ತಾಳೆ. ಅವಳು ಕದ್ದಿಲ್ಲ, ಪಾತ್ರೆ ಒಡೆದಿಲ್ಲ; ವೋಜ್ಲಾನ ವ್ಯಾಕರಣ ಮುರಿದಿದ್ದಾಳೆ, ಅಷ್ಟೇ. ನಾಟಕ ನೋಡಿ ಜನ ನಕ್ಕರು. ಆದರೆ ಒಳ್ಳೆಯ ಭಾಷೆ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಈ ರೂಪ ಸೊರಗಿದ್ದೇಕೆ? ಒಂದು ಕಾರಣ, ಅದು ನಿಂತಿದ್ದ ನೆಲವೇ ಕುಸಿಯಿತು. ಪಾಸೆ ಸಾಂಪ್ಲ್ ಆಡುಮಾತಿನಿಂದ ನಿಧಾನವಾಗಿ ಮರೆಯಾಗಿ ಬರೀ ಬರಹದ ಸೊತ್ತಾಯಿತು. ಅದರ ಅಂಗವನ್ನೇ ನೆಚ್ಚಿದ್ದ ಎಂಪಾರ್ಫೆ ನಾಲಗೆಯ ಮೇಲೆ ಹೇಗೆ ಉಳಿದೀತು? ಎರಡನೆಯದು ಕಿವಿಯ ಕಾರಣ. 'ಪಾರ್ಲಾಸ್', 'ಪಾರ್ಲಾಸಿಯೋಂ' ಎಂಬ ಸದ್ದೇ ಫ್ರೆಂಚ್ ಕಿವಿಗೆ ನಗು ತರಿಸುತ್ತದೆ. 'ಆಸ್' ಎಂಬ ಪ್ರತ್ಯಯ ಆ ಭಾಷೆಯಲ್ಲಿ ತಾತ್ಸಾರಕ್ಕೂ ಬಳಕೆಯಾಗುತ್ತದೆ. ರದ್ದಿ ಕಾಗದದ ರಾಶಿಗೆ 'ಪಾಪ್ರಾಸ್' ಎನ್ನುವುದು ಹೀಗೆ. ಪ್ರಥಮ ಪುರುಷ ಏಕವಚನ ಮಾತ್ರ ಸದ್ದಿನಲ್ಲಿ ಸಾದಾ ಭೂತಕಾಲದಂತೆಯೇ ಇದ್ದುದರಿಂದ ಬರಹದಲ್ಲಿ ಹೆಚ್ಚು ಕಾಲ ಬದುಕಿತು. 1976ರ ಡಿಸೆಂಬರ್ 28ರ ಇನ್ನೊಂದು ಆದೇಶ ರಿಯಾಯಿತಿಯನ್ನು ಹಿಗ್ಗಿಸಿತು: ಮುಖ್ಯ ವಾಕ್ಯ ಭೂತಕಾಲದಲ್ಲಿದ್ದರೂ ಎಂಪಾರ್ಫೆಯ ಜಾಗದಲ್ಲಿ ವರ್ತಮಾನ, ಪ್ಲುಸ್ ಕ ಪಾರ್ಫೆಯ ಜಾಗದಲ್ಲಿ ಪಾಸೆ ನಡೆಯುತ್ತದೆ ಎಂದಿತು. ಆಲ್ಬೇರ್ ಕಾಮುವಿನ 1956ರ ಕಾದಂಬರಿ 'ಲಾ ಶ್ಯುತ್'ನ ನಿರೂಪಕ ಮಾತಿನ ನಡುವೆ ಈ ರೂಪ ಬಳಸಿ, ಕೇಳುಗ ಬೆಚ್ಚಿದ್ದನ್ನು ಗಮನಿಸಿ, ಅದು ತನ್ನ ದೌರ್ಬಲ್ಯ ಎಂದುಕೊಳ್ಳುತ್ತಾನೆ. ಅಷ್ಟು ಹೊತ್ತಿಗೆ ಅದನ್ನು ಬಾಯಲ್ಲಿ ಆಡುವುದೇ ಒಂದು ವೇಷವಾಗಿತ್ತು.

ಮಾರ್ತೀನ್‌ಳಂಥವರಿಗೆ ಇದು ಬಿಡುಗಡೆಯೇ. ಆದರೆ ಮೇಲಿನವರು ಕೈಬಿಟ್ಟ ಆಭರಣವನ್ನು ಕೆಳಗಿನವರು ಕಷ್ಟಪಟ್ಟು ಸಂಪಾದಿಸುವುದೂ ಇತಿಹಾಸದಲ್ಲಿ ಉಂಟು. ಸೆನೆಗಲ್‌ನ ಲಿಯೋಪೋಲ್ಡ್ ಸೆಂಘೋರ್ 1935ರಲ್ಲಿ ಫ್ರೆಂಚ್ ಸರ್ಕಾರ ವ್ಯಾಕರಣದಲ್ಲಿ ನಡೆಸುವ ಅಗ್ರೆಗಾಸಿಯೋಂ ಎಂಬ ಕಠಿಣ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಮುಂದೆ ಕವಿಯಾಗಿ, ಸ್ವತಂತ್ರ ಸೆನೆಗಲ್‌ನ ಮೊದಲ ಅಧ್ಯಕ್ಷರಾಗಿ, 1983ರಲ್ಲಿ ಅಕಾಡೆಮಿಗೇ ಆಯ್ಕೆಯಾದರು. ಆಳುವವರ ವ್ಯಾಕರಣವನ್ನು ಆಳಿಸಿಕೊಂಡವರು ಅವರಿಗಿಂತ ಚೆನ್ನಾಗಿ ಬಲ್ಲರು ಎಂದು ತೋರಿಸುವುದೂ ಒಂದು ರಾಜಕಾರಣ. ಇಂಗ್ಲಿಷಿನ ವಿಷಯದಲ್ಲಿ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇತಿಹಾಸದ ವಿದ್ಯಾರ್ಥಿಗೆ ಇದರಿಂದ ಏನಾಗಬೇಕು? 1788ರ ಆಗಸ್ಟ್ 10ರಂದು ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ವರ್ಸೇಲ್ಸ್ ಅರಮನೆಯಲ್ಲಿ 16ನೇ ಲೂಯಿಯನ್ನು ಕಂಡರು. ಟಿಪ್ಪು ಕೇಳಿದ್ದು ಸೈನ್ಯದ ನೆರವು, ಕುಶಲಕರ್ಮಿಗಳು. ಸೈನ್ಯ ಬರಲಿಲ್ಲ. ಇಂಥ ಕಾಲದ ಒಂದು ಕಾಗದದಲ್ಲಿ 'ಆಂವ್ವಾಯಾ' ಎಂಬ ಪದವಿದೆ ಎಂದಿಟ್ಟುಕೊಳ್ಳಿ. ಕಿವಿಗೆ ಕೇಳುವುದು ಒಂದೇ. ಬರಹದಲ್ಲಿ ಕೊನೆಗೆ 'ತ್' ಅಕ್ಷರವಿಲ್ಲದಿದ್ದರೆ 'ಕಳುಹಿಸಿದ' ಎಂದರ್ಥ. ಟೋಪಿಯೂ 'ತ್' ಅಕ್ಷರವೂ ಇದ್ದರೆ 'ಕಳುಹಿಸಬೇಕೆಂದು' ಬಯಸಿದ್ದು ಮಾತ್ರ. ಹಳೆಯ ಕೈಬರಹಗಳಲ್ಲಿ ಟೋಪಿ ಎಷ್ಟೋ ಕಡೆ ಇರುವುದಿಲ್ಲ. ಆಗ ಬಯಸಿದ್ದಕ್ಕೂ ನಡೆದದ್ದಕ್ಕೂ ನಡುವಿನ ಗೋಡೆ ಉಚ್ಚರಿಸದ ಒಂದೇ ಒಂದು ಅಕ್ಷರ.

ಈ ಗೋಡೆ ಎಷ್ಟು ಮುಖ್ಯ ಎಂಬುದಕ್ಕೆ ಮೈಸೂರಿನ ಕೊನೆಯ ಯುದ್ಧವೇ ಸಾಕ್ಷಿ. 1798ರ ಜನವರಿಯಲ್ಲಿ ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಲಾರ್ತಿಕ್, ಟಿಪ್ಪು ಮೈತ್ರಿ ಬಯಸುತ್ತಿದ್ದಾನೆ ಎಂದು ಬಹಿರಂಗ ಪ್ರಕಟಣೆ ಹೊರಡಿಸಿದ. ಅದರಿಂದ ಮೈಸೂರಿಗೆ ಬಂದವರು ನೂರರ ಆಸುಪಾಸಿನ ಸ್ವಯಂಸೇವಕರು. ಆದರೆ ಗವರ್ನರ್ ಜನರಲ್ ವೆಲ್ಲೆಸ್ಲಿ ಆ ಬಯಕೆಯನ್ನೇ ಕೃತ್ಯವೆಂದು ಎಣಿಸಿ ಯುದ್ಧಕ್ಕೆ ನೆಪ ಮಾಡಿಕೊಂಡ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅಲ್ಲಿ ಸೋಲು ತಂದದ್ದು ವ್ಯಾಕರಣವಲ್ಲ ನಿಜ. ಆದರೆ ಬಯಕೆಯನ್ನು ಘಟನೆಯಾಗಿ ಓದುವುದರಿಂದ ಯಾರಿಗೆ ಲಾಭ ಎಂದು ಕೇಳುವ ಅಭ್ಯಾಸವನ್ನು ನನಗೆ ಕಲಿಸಿದ್ದು ಈ ಕ್ರಿಯಾರೂಪ.

ಕನ್ನಡದಲ್ಲಿ ಇದಕ್ಕೆ ನೇರ ಜೋಡಿಯಿಲ್ಲ. ಆದರೆ ಶಾಲೆಯಲ್ಲಿ ಸಂಭಾವನಾರ್ಥಕ ಎಂದು ಓದಿದ 'ಬಂದಾನು', 'ಹೋದಾಳು', 'ಬಂದೀತು' ಒಮ್ಮೆ ನೋಡಿ. 'ಮಳೆ ಬಂದೀತು' ಎನ್ನುವುದು ಮುಂದಿನ ಮಳೆಯ ಮಾತು. ಅದರ ಅಂಗ ಮಾತ್ರ 'ಬಂದ್' ಎಂಬ ಭೂತಕಾಲದ್ದು. ಆಗದೇ ಇರುವುದನ್ನು ಹೇಳಲು ಆಗಿಹೋದದ್ದರ ರೂಪವನ್ನು ಎರವಲು ಪಡೆಯುವುದು ಫ್ರೆಂಚರ ಎಂಪಾರ್ಫೆಯ ಹಾಗೆಯೇ. ಪೇಟೆಯ ಮಾತಿನಲ್ಲಿ 'ಬರಬಹುದು' ಅದರ ಜಾಗ ಹಿಡಿಯುತ್ತಿದೆ. ಆದರೂ ಮೆಟ್ಟಿಲ ಮೇಲೆ ಓಡುವ ಮಗುವಿಗೆ 'ಬಿದ್ದೀಯ, ಜೋಕೆ' ಎನ್ನುವವರು ಇನ್ನೂ ಇದ್ದಾರೆ. ಆ ಮಗು ಬಿದ್ದಿಲ್ಲ. ಕನ್ನಡ ಬಲ್ಲ ಯಾರೂ ಅದನ್ನು ಬಿದ್ದ ಸುದ್ದಿಯೆಂದು ಓದುವುದಿಲ್ಲ. ಹಳೆಯ ಫ್ರೆಂಚ್ ಕಾಗದಗಳಿಗೂ ಅಂಥ ಓದುಗರೇ ಬೇಕು.