ಮೈದಾನದ ಅಂಚಿನಲ್ಲಿ ನಿಂತ ಕಾಲೇಜು

ಬಂದರಿನ ಪ್ರೌಢಶಾಲೆಯೊಂದರಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಸಂಜೆಯ ಗಂಟೆ ಬಾರಿಸಿತೆಂದರೆ ಹುಡುಗರು ಎರಡು ದಿಕ್ಕಿಗೆ ಹಂಚಿಹೋಗುತ್ತಿದ್ದರು. ಕೆಲವರು ಧಕ್ಕೆಯತ್ತ, ಮೀನಿನ ಬುಟ್ಟಿ ಹೊರುವುದಕ್ಕೆ. ಉಳಿದವರು ನೆಹರೂ ಮೈದಾನದತ್ತ, ಚೆಂಡು ಒದೆಯುವುದಕ್ಕೆ. ಬ್ಯಾರಿ, ತುಳು, ಕೊಂಕಣಿ, ಮೂರೂ ಭಾಷೆಗಳ ಬೈಗುಳ ಒಂದೇ ಚೆಂಡಿನ ಹಿಂದೆ ಓಡುವುದನ್ನು ನಾನು ಅಲ್ಲಿಯೇ ಕೇಳಿದ್ದು. ಆ ಮೈದಾನದ ಅಂಚಿನಲ್ಲಿ ಕೊಡೆ ಹಿಡಿದು, ಯಾರೊಡನೆಯೂ ಮಾತನಾಡದೆ ನಿಂತಿರುತ್ತಿದ್ದ ಕೆಲವು ಮಹನೀಯರಿದ್ದರು. ಅವರು ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು. ಮುಂದಿನ ವರ್ಷದ ತಮ್ಮ ತಂಡವನ್ನು ಅವರು ಅಲ್ಲಿ ನಿಂತೇ ಆರಿಸಿಕೊಳ್ಳುತ್ತಿದ್ದರು.

ಆಟಗಾರನನ್ನು ಕಾಲೇಜು ಹುಡುಕಿಕೊಂಡು ಬರುವ ಈ ಪದ್ಧತಿ ನಮ್ಮ ಜಿಲ್ಲೆಯಲ್ಲಿ ಹೇಗೆ ಬೆಳೆಯಿತೆಂಬುದನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಮಂಗಳೂರಿನಲ್ಲಿ ಕಾಲೇಜುಗಳು ಹೊಸತಲ್ಲ. ಹಂಪನಕಟ್ಟೆಯ ಸರಕಾರಿ ಕಾಲೇಜಿನ ಬೇರು 1868ರದು. ಸಂತ ಅಲೋಶಿಯಸ್ ಕಾಲೇಜು 1880ರದು. ಮೊದಲು ಮದರಾಸು ವಿಶ್ವವಿದ್ಯಾಲಯದ ನೆರಳಿನಲ್ಲಿ, ರಾಜ್ಯ ಪುನರ್ವಿಂಗಡಣೆಯ ಬಳಿಕ ಮೈಸೂರಿನ ನೆರಳಿನಲ್ಲಿ ನಮ್ಮ ಕಾಲೇಜುಗಳು ನಡೆದವು. ನಾನು ಪದವಿ ಓದಿದ್ದೂ ಮೈಸೂರು ವಿಶ್ವವಿದ್ಯಾಲಯದ ಕೆಳಗೆಯೇ. ಆಗ ಇಲ್ಲಿಯ ಹುಡುಗನೊಬ್ಬನು ವಿಶ್ವವಿದ್ಯಾಲಯದ ತಂಡ ಸೇರಬೇಕಾದರೆ ಘಟ್ಟ ಹತ್ತಿ, ಮೈಸೂರು, ಶಿವಮೊಗ್ಗಗಳ ಹುಡುಗರೊಡನೆ ಸೆಣಸಬೇಕಿತ್ತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ದಕ್ಷಿಣ ಕನ್ನಡ ಮತ್ತು ಕೊಡಗು ಜಿಲ್ಲೆಗಳಿಗೆ ತಮ್ಮದೇ ತಂಡ, ತಮ್ಮದೇ ಅಂತರ ಕಾಲೇಜು ಪಂದ್ಯಗಳು ದೊರೆತವು. ಗೆದ್ದ ಕಾಲೇಜಿನ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುವುದು. ಹೆಸರು ಬಂದರೆ ದಾಖಲಾತಿ ಹೆಚ್ಚುವುದು. ಕೊಡೆ ಹಿಡಿದ ಮಹನೀಯರು ಮೈದಾನದ ಅಂಚಿಗೆ ಬಂದುದಕ್ಕೆ ಇದೇ ಮುಖ್ಯ ಕಾರಣವೆಂದು ನಾನು ತಿಳಿಯುತ್ತೇನೆ.

ಅವರು ಕೊಡುತ್ತಿದ್ದುದಾದರೂ ಏನು? ಶುಲ್ಕದಲ್ಲಿ ಪೂರ್ಣ ಅಥವಾ ಅರ್ಧ ವಿನಾಯಿತಿ, ಹಾಸ್ಟೆಲಿನಲ್ಲಿ ಒಂದು ಮಂಚ, ಒಂದು ಜೊತೆ ಬೂಟು, ಹಾಜರಾತಿಯಲ್ಲಿ ಕೊಂಚ ಕರುಣೆ. ಇವೆಲ್ಲಕ್ಕಿಂತ ದೊಡ್ಡದಾದ ಇನ್ನೊಂದು ಆಸೆ ದೂರದಲ್ಲಿ ಹೊಳೆಯುತ್ತಿತ್ತು. ಅದು ಬ್ಯಾಂಕಿನ ನೌಕರಿ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳೆಲ್ಲ ನಮ್ಮ ಕರಾವಳಿಯ ಮಣ್ಣಿನಲ್ಲಿ ಹುಟ್ಟಿದವು. ಬ್ಯಾಂಕು, ರೈಲ್ವೆ, ಪೊಲೀಸ್ ಇಲಾಖೆಗಳು ಆಟಗಾರರಿಗೆ ನೌಕರಿ ಕೊಡುತ್ತಿದ್ದವು. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿಯವರು ರೈಲ್ವೆಯ ನೌಕರಿಯಲ್ಲಿದ್ದುಕೊಂಡೇ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಕಬಡ್ಡಿಯ ಚಿನ್ನ ಗೆದ್ದ ತಂಡದಲ್ಲಿ ಆಡಿದರು.

1990ರ ದಶಕದಲ್ಲಿ ಇನ್ನೊಂದು ತಿರುವು ಬಂದಿತು. ಮೂಡುಬಿದಿರೆಯಲ್ಲಿ ಡಾ. ಎಂ. ಮೋಹನ ಆಳ್ವರು ಕಟ್ಟಿದ ವಿದ್ಯಾಸಂಸ್ಥೆ ಕ್ರೀಡಾಪಟುಗಳನ್ನು ದತ್ತು ಪಡೆದು ಊಟ, ವಸತಿ, ಶಿಕ್ಷಣಗಳನ್ನು ಉಚಿತವಾಗಿ ಕೊಡತೊಡಗಿತು. ಜಿಲ್ಲೆಯ ಹುಡುಗರನ್ನು ಮಾತ್ರವಲ್ಲ, ಹೊರ ಊರುಗಳ, ಹೊರ ರಾಜ್ಯಗಳ ಓಟಗಾರರನ್ನೂ ಅದು ಕರೆತಂದಿತು. 2020ರ ಜನವರಿಯಲ್ಲಿ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ನಡೆದಾಗ ಸಮಗ್ರ ಪ್ರಶಸ್ತಿ ಆತಿಥೇಯ ಮಂಗಳೂರು ವಿಶ್ವವಿದ್ಯಾಲಯಕ್ಕೇ ಸಂದಿತು. ಕೊಡೆ ಹಿಡಿದು ಹುಡುಕುವ ಕಾಲದಿಂದ ಇಲ್ಲಿಯವರೆಗಿನ ದಾರಿ ಸಣ್ಣದಲ್ಲ.

ಇನ್ನು ಹೊರಗಿನ ಲೋಕವನ್ನು ನೋಡೋಣ. ಈ ಪದ್ಧತಿಯ ತವರು ಅಮೆರಿಕ. ಅಲ್ಲಿಯ ಮೊದಲ ಅಂತರ ಕಾಲೇಜು ಸ್ಪರ್ಧೆ 1852ರಲ್ಲಿ ಹಾರ್ವರ್ಡ್ ಮತ್ತು ಯೇಲ್‌ಗಳ ನಡುವೆ ನಡೆದ ದೋಣಿ ಸ್ಪರ್ಧೆ. ಬಂದರಿನವರಾದ ನಮಗೆ ದೋಣಿಯೆಂದರೆ ಕಿವಿ ನೆಟ್ಟಗಾಗುತ್ತದೆಯಷ್ಟೆ! ಅದರ ಖರ್ಚು ಹೊತ್ತದ್ದು ಒಂದು ರೈಲು ಕಂಪೆನಿ. ತನ್ನ ಮಾರ್ಗಕ್ಕೆ ಪ್ರಯಾಣಿಕರು ಬರಲೆಂಬುದು ಅದರ ಲೆಕ್ಕ. ಅಂದರೆ ಮೊದಲ ದಿನದಿಂದಲೇ ವಿದ್ಯಾರ್ಥಿಯ ತೋಳಿನ ಹಿಂದೆ ಮತ್ತೊಬ್ಬರ ಲಾಭವಿತ್ತು. 1956ರಲ್ಲಿ ಅಲ್ಲಿಯ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘ ಆಟದ ಯೋಗ್ಯತೆಯ ಮೇಲೆ ವಿದ್ಯಾರ್ಥಿವೇತನ ಕೊಡುವುದಕ್ಕೆ ಅನುಮತಿಸಿತು. 1973ರಲ್ಲಿ ನಾಲ್ಕು ವರ್ಷಗಳ ಭರವಸೆಯನ್ನು ಒಂದೇ ವರ್ಷಕ್ಕೆ ಇಳಿಸಿತು. ವರ್ಷ ವರ್ಷವೂ ನವೀಕರಣ! ಗಾಯಗೊಂಡವನ, ತರಬೇತುದಾರನಿಗೆ ಬೇಡವಾದವನ ಓದು ಅಲ್ಲಿಗೇ ನಿಲ್ಲುವ ಅಪಾಯ ಹುಟ್ಟಿತು. ಹಲವು ವರ್ಷಗಳ ವಿದ್ಯಾರ್ಥಿವೇತನ ಮತ್ತೆ ಸಾಧ್ಯವಾದದ್ದು 2012ರಲ್ಲಿ. 2025ರ ಜುಲೈಯಿಂದಂತೂ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡುವ ವ್ಯವಸ್ಥೆಯೂ ಬಂದಿದೆ.

1973ರ ಆ ನಿಯಮದ ಬಗ್ಗೆ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕಾರಣವನ್ನು ಹೇಳಿಬಿಡುತ್ತೇನೆ.

1980ರ ದಶಕದ ಕೊನೆಯಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತಂದೆ ಹಳೆ ಬಂದರಿನಲ್ಲಿ ಮೂಟೆ ಹೊರುತ್ತಿದ್ದರು. 1970ರ ದಶಕದ ಮಧ್ಯದಲ್ಲಿ ಪಣಂಬೂರಿನ ನವಮಂಗಳೂರು ಬಂದರು ತೆರೆದ ಮೇಲೆ ದೊಡ್ಡ ಹಡಗುಗಳ ಸರಕು ಅತ್ತ ಹೋಗಿ, ಇಲ್ಲಿ ಮೀನುಗಾರಿಕೆಯೂ ಲಕ್ಷದ್ವೀಪದ ವ್ಯಾಪಾರವೂ ಉಳಿದಿದ್ದವು. ಹುಡುಗನ ಎಡಗಾಲಿನಲ್ಲಿ ಚೆಂಡು ಅಂಟಿಕೊಂಡಂತೆ ಇರುತ್ತಿತ್ತು. ಒಂದು ಕಾಲೇಜಿನವರು ಬಂದರು. ಪದವಿ ಮುಗಿಯುವವರೆಗೆ ಶುಲ್ಕವಿಲ್ಲವೆಂದರು. ಆತನ ತಾಯಿ ಒಪ್ಪಲಿಲ್ಲ. ‘ಆಟದಿಂದ ಅನ್ನ ಬರುತ್ತದೆಯೇ ಮಾಸ್ಟ್ರೇ?’ ಎಂದು ಕೇಳಿದರು. ನಾನೇ ಅವರ ಮನೆಗೆ ಎರಡು ಬಾರಿ ಹೋಗಿ ಒಪ್ಪಿಸಿದೆ. ಆ ಮಾತನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕೆಂಬುದು ನನಗೆ ಹೊಳೆಯಲಿಲ್ಲ. ದೊಡ್ಡವರ ಮಾತು, ಸಾಕೆಂದುಕೊಂಡೆ.

ಪದವಿಯ ಮೊದಲ ವರ್ಷದಲ್ಲಿ ಆತನ ಮೊಣಕಾಲು ತಿರುಚಿತು. ಮರುವರ್ಷ ಶುಲ್ಕದ ರಸೀದಿ ಪೂರ್ಣ ಮೊತ್ತಕ್ಕೆ ಬಂದಿತು. ಹುಡುಗ ನನ್ನಲ್ಲಿಗೆ ಬರಲಿಲ್ಲ. ಸುದ್ದಿ ತಿಳಿಯುವಷ್ಟರಲ್ಲಿ ಅವನು ಧಕ್ಕೆಯ ಮಂಜುಗಡ್ಡೆಯ ಕೆಲಸಕ್ಕೆ ಸೇರಿಯಾಗಿತ್ತು.

ಅಂದಿನಿಂದ ನಿವೃತ್ತನಾಗುವವರೆಗೆ, ಕಾಲೇಜಿನ ಕರೆ ಬಂದ ಪ್ರತಿಯೊಂದು ಮಗುವಿನ ಪೋಷಕರಿಗೆ ನಾನು ಮೂರು ಪ್ರಶ್ನೆಗಳನ್ನು ಬರೆದು ಕೊಡುತ್ತಿದ್ದೆ. ವಿನಾಯಿತಿ ಎಷ್ಟು ವರ್ಷಕ್ಕೆ? ಗಾಯವಾದರೆ ಚಿಕಿತ್ಸೆಯೂ ಓದೂ ಯಾರ ಹೊಣೆ? ತಪ್ಪಿದ ಪಾಠಗಳನ್ನು ಯಾರು ಹೇಳಿಕೊಡುತ್ತಾರೆ? ಉತ್ತರ ಲಿಖಿತವಾಗಿರಲಿ. ಕೆಲವು ಕಾಲೇಜಿನವರು ಮುನಿಸಿಕೊಂಡರು. ಹೆಚ್ಚಿನವರು ಸಂತೋಷದಿಂದಲೇ ಬರೆದುಕೊಟ್ಟರು. ಇಂದು ಈ ಪ್ರಶ್ನೆಗಳು ಇನ್ನೂ ಅಗತ್ಯ. ವಿಜಯಾ ಬ್ಯಾಂಕು 2019ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳೊಡನೆ ವಿಲೀನವಾದವು. ಹಿಂದೆ ದೂರದಲ್ಲಿ ಹೊಳೆಯುತ್ತಿದ್ದ ಆ ಹೆಸರುಗಳೇ ಈಗಿಲ್ಲ. ಆಟ ನಿಂತ ದಿನ ಕೈಯಲ್ಲಿ ಉಳಿಯುವುದು ಓದೊಂದೇ.

ಕಳೆದ ಮಳೆಗಾಲದಲ್ಲಿ ಧಕ್ಕೆಯ ಬಳಿ ಅವನು ಸಿಕ್ಕಿದ. ತಲೆ ನರೆತಿದೆ; ನಡಿಗೆಯಲ್ಲಿ ಸ್ವಲ್ಪ ಎಳೆತವಿದೆ. ನನ್ನ ಮನಸ್ಸಿನ ಮಾತನ್ನು ಆಡಿದೆ. ಆತ ನಕ್ಕು, ‘ಎರಡು ವರ್ಷ ಚೆನ್ನಾಗಿ ಆಡಿದೆನಲ್ಲ ಸರ್’ ಎಂದ. ಅನಂತರ, ಮಗಳು ಶಾಲೆಯ ವಾಲಿಬಾಲ್ ತಂಡದಲ್ಲಿದ್ದಾಳೆಂದೂ, ಒಂದು ಕಾಲೇಜಿನವರು ನೋಡಿ ಹೋಗಿದ್ದಾರೆಂದೂ ತಿಳಿಸಿ, ಆ ಮೂರು ಪ್ರಶ್ನೆಗಳನ್ನು ಬರೆದುಕೊಡಿ ಎಂದು ಕೇಳಿದ. ಅವನಿಗೆ ಅವು ಯಾರಿಂದ ತಿಳಿದವೋ ನಾನು ವಿಚಾರಿಸಲಿಲ್ಲ. ಅಂಗಡಿಯ ಬಿಲ್ಲಿನ ಹಿಂಬದಿಯಲ್ಲಿ ಬರೆದು ಕೊಟ್ಟೆ.